ನಲವತ್ತೊಂದನೇ ಮರದ ತಾಯಿಬೇರು

"ಬೆಳಕಿಗೆ ಅಡ್ಡ ನಿಂತಿದ್ದೀರಿ ಮೇಡಂ. ಸ್ವಲ್ಪ ಆಚೆ ಸರೀರಿ."

ಇನ್ಸ್‌ಪೆಕ್ಟರ್ ಸರಿದು ನಿಂತಳು. ಇಲಾಖೆ ಸೇರಿ ಹದಿನಾರು ವರ್ಷವಾಗಿತ್ತು. ಆರೋಪಿಯೊಬ್ಬ ಗುಂಡಿಯೊಳಗಿಂದ ತನಗೇ ಅಪ್ಪಣೆ ಕೊಟ್ಟದ್ದು ಇದೇ ಮೊದಲು.

ಗುಂಡಿಯಲ್ಲಿ ಮಂಡಿಯೂರಿದ್ದವನನ್ನು ಊರೆಲ್ಲ ಬೇರಜ್ಜ ಎಂದು ಕರೆಯುತ್ತಿತ್ತು. ಬೇರೆಯವರು ಮರವನ್ನು ಕತ್ತೆತ್ತಿ ನೋಡಿದರೆ ಈತ ಬಗ್ಗಿ ನೋಡುತ್ತಾನೆಂದು ನಗರಸಭೆಯಲ್ಲಿ ಯಾರೋ ಕುಚೋದ್ಯಕ್ಕೆ ಇಟ್ಟ ಹೆಸರು. ಕೊನೆಗೆ ಹಾಜರಿ ಪುಸ್ತಕದಲ್ಲೂ ಅದೇ ನಿಂತುಬಿಟ್ಟಿತ್ತು. ಮೂವತ್ತನಾಲ್ಕು ವರ್ಷದಿಂದ ನಗರದ ರಸ್ತೆಬದಿಗೆ ಸಸಿ ಆರಿಸುವುದು, ನೆಡುವುದು, ಸಾಕುವುದು ಅವನ ಕೆಲಸ. ನಿವೃತ್ತಿಗೆ ಇನ್ನು ಮೂರು ತಿಂಗಳು.

ಆ ಮೂರು ತಿಂಗಳನ್ನು ಅವನು ಜೈಲಿನಲ್ಲಿ ಕಳೆಯುವ ಹಾಗೆ ಕಾಣುತ್ತಿತ್ತು.

ಕಳೆದ ಗುರುವಾರದ ಗಾಳಿಗೆ ನಲವತ್ತೊಂದನೇ ನಂಬರಿನ ಹೊಂಗೆಮರ ಬುಡಸಮೇತ ಮಗುಚಿ, ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ ಸಂಗೀತದ ಟೀಚರ್ ಮೇಲೆ ಬಿದ್ದಿತ್ತು. ಆಸ್ಪತ್ರೆಯಲ್ಲಿ ಟೀಚರ್ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಎರಡೇ ದಿನದಲ್ಲಿ ತೋಟಗಾರಿಕೆ ಸಾಹೇಬರ ವರದಿ ಸ್ಟೇಷನ್ನಿಗೆ ಬಂತು: ಬೇರು ಕೊಳೆತಿತ್ತು, ಸಸಿಯ ಆಯ್ಕೆಯೇ ತಪ್ಪು, ನೆಟ್ಟು ನೋಡಿಕೊಂಡವನ ನಿರ್ಲಕ್ಷ್ಯವೇ ಕಾರಣ. ಅದೇ ಸಾಲಿನ ಉಳಿದ ಅರವತ್ತಮೂರು ಮರಗಳೂ ಅಪಾಯಕಾರಿ. ನಾಳೆ ಬೆಳಗ್ಗೆಯೇ ಕಡಿಯತಕ್ಕದ್ದು.

ಇವತ್ತು ಸಂಜೆ ಐದಕ್ಕೆ ಇನ್ಸ್‌ಪೆಕ್ಟರ್ ಆ ವರದಿಗೆ ಒಪ್ಪಿಗೆಯ ರುಜು ಹಾಕಬೇಕಿತ್ತು. ಗಂಟೆ ಹನ್ನೊಂದಾಗಿತ್ತು.

ನಿಜ ಹೇಳಬೇಕೆಂದರೆ ಅವಳು ವರದಿಯನ್ನು ನಂಬಿಯೇ ಬಂದಿದ್ದಳು. ಮರಗಿಡದ ವಿಷಯದಲ್ಲಿ ಅವಳದು ಸೊನ್ನೆ. ಕಳ್ಳಿಗಿಡವನ್ನೂ ಒಣಗಿಸಿದ ಮಹಾತಾಯಿ ಎಂದು ಅಮ್ಮ ಇವತ್ತಿಗೂ ಆಡಿಕೊಳ್ಳುತ್ತಿದ್ದಳು. ಬಂಧಿಸುವ ಮುನ್ನ ಒಂದು ಗಂಟೆ ಬುಡ ನೋಡಲು ಬಿಡಿ ಎಂದು ಬೇರಜ್ಜ ಕೇಳಿದ್ದಕ್ಕೆ, ಹೋಗಲಿ ಪಾಪ, ಎಂದು ಒಪ್ಪಿದ್ದಳು, ಅಷ್ಟೆ.

ಅವನು ಗುದ್ದಲಿ ಮುಟ್ಟಲಿಲ್ಲ. ನೀರಿನ ಝಾರಿ, ಬಣ್ಣ ಬಳಿಯುವ ಒಂದು ಬ್ರಶ್ಶು, ಬಿದಿರಿನ ಕಡ್ಡಿ, ಇಷ್ಟೇ ಅವನ ಸಾಮಾನು. ನೀರು ಹನಿಸುತ್ತಾ, ಮಣ್ಣು ಸಡಿಲಿಸುತ್ತಾ, ಬ್ರಶ್ಶಿನಿಂದ ಒರೆಸುತ್ತಾ ಒಂದೊಂದೇ ಬೇರನ್ನು ಬಿಡಿಸಿಟ್ಟ. ಮಗುವಿನ ತಲೆ ತೊಳೆಯುವವರ ಕೈಯಲ್ಲಿ ಇರುವಂಥ ನಿಧಾನ.

"ಕೊಳೆತ ಬೇರು ಮುಟ್ಟಿದ್ದೀರಾ, ಅಮ್ಮಾ?"

"ಇಲ್ಲ."

ಚರಂಡಿಯ ಕಡೆಯಿಂದ ಒಂದು ತುಂಡು ಕಿತ್ತು ಅವಳ ಅಂಗೈಗೆ ಹಾಕಿದ. ಒದ್ದೆ ರಟ್ಟಿನ ಹಾಗೆ ಬೆರಳ ಸಂದಿಯಲ್ಲೇ ಪುಡಿಯಾಯಿತು.

"ಯಾವ ಮರದಲ್ಲಾದ್ರೂ ಇಷ್ಟು ಇರತ್ತೆ. ನಮ್ಮ ತಲೇಲಿ ನಾಲ್ಕು ಬಿಳಿಕೂದಲು ಇದ್ದ ಹಾಗೆ. ಈಗ ಇದನ್ನ ಮುಟ್ಟಿ."

ರಸ್ತೆಯ ಕಡೆ ಅವಳ ತೋಳಿನಷ್ಟು ದಪ್ಪದ ಬೇರು. ತುದಿ ಹಲಗೆಯ ಹಾಗೆ ಚಪ್ಪಟೆ. ಬೆರಳಾಡಿಸಿದರೆ ಸಣ್ಣ ಸಣ್ಣ ಗೆರೆ ತಾಗಿತು.

"ಗರಗಸ," ಅಂದಳು ಅವಳು ತನಗೇ ಗೊತ್ತಿಲ್ಲದೆ.

"ಒಂದಲ್ಲ, ಒಂಬತ್ತು ಬೇರು. ಎಲ್ಲಾ ಒಂದೇ ಗೆರೇಲಿ. ದಾರ ಹಿಡಿದು ಕೊಯ್ದ ಹಾಗೆ."

ಮೇಲೆ ನಿಂತಿದ್ದ ಹೆಡ್ ಕಾನ್‌ಸ್ಟೆಬಲ್ ಬಗ್ಗಿದ. "ಹಾಗಾದ್ರೆ ಆ ಕಾಲುದಾರಿ ಕಂಟ್ರಾಕ್ಟರೇ ಮೇಡಂ! ಏಳು ತಿಂಗಳ ಹಿಂದೆ ಕಲ್ಲು ಹಾಸಿದ್ದು ಅವನೇ ತಾನೇ? ನಿನ್ನೆಯೇ ಹೇಳಿದ್ದೆ ನಾನು."

ಬೇರಜ್ಜ ತಲೆಯಾಡಿಸಿದ. ಕೊಯ್ದ ಜಾಗದ ಅಂಚಿನಲ್ಲಿ ಸುತ್ತಲೂ ದಪ್ಪ ತುಟಿಯಂತೆ ಏನೋ ಉಬ್ಬಿತ್ತು. ಅದನ್ನು ತೋರಿಸಿದ.

"ಗಾಯ ಆದ ಮೇಲೆ ಮರ ಸುಮ್ನೆ ಕೂರಲ್ಲ. ಅಂಚಿನಿಂದ ಹೊಸ ತೊಗಟೆ ಬೆಳೆಸಿ ಮುಚ್ಚಿಕೊಳ್ತಾ ಬರತ್ತೆ. ಇಷ್ಟು ದಪ್ಪ ಬರೋಕೆ ಏಳು ತಿಂಗಳು ಎಲ್ಲಿ ಸಾಕು?"

ಜೇಬಿನಿಂದ ಚಾಕು ತೆಗೆದು ಆ ತುಟಿಯಿಂದ ಕಾಗದದಷ್ಟು ತೆಳ್ಳಗಿನ ಚಕ್ಕೆ ಕೆತ್ತಿದ. ನೀರು ಸವರಿ, ಭೂತಗನ್ನಡಿ ಜೊತೆಗೆ ಅವಳ ಕೈಗಿಟ್ಟ. ಬೆಳಕಿಗೆ ಹಿಡಿದಾಗ ಎರಡು ಪಟ್ಟಿ ಕಂಡವು. ನಡುವೆ ಕೂದಲೆಳೆಯಂಥ ಗೆರೆ.

"ಎರಡು ಮಳೆಗಾಲ ಕಂಡ ಗಾಯ ಇದು. ಕೊಯ್ದು ಎರಡು ವರ್ಷ ಆಯ್ತು."

ಹೆಡ್ಡು ಕೆಮ್ಮಿದ. "ಪಾಪ, ನಿನ್ನೆ ಸ್ಟೇಷನ್ನಿಗೆ ಕರೆಸಿ ಗದರಿಸಿದ್ದೆ. ಕಂಟ್ರಾಕ್ಟರಿಗೆ ಒಂದು ಟೀನಾದ್ರೂ ಕುಡಿಸಬೇಕಿತ್ತು."

ಇನ್ಸ್‌ಪೆಕ್ಟರ್ ನಗಲಿಲ್ಲ. ಭೂತಗನ್ನಡಿಯಿಂದ ಕಣ್ಣು ಕೀಳಲು ಆಗುತ್ತಿರಲಿಲ್ಲ. ಎಷ್ಟೋ ತಜ್ಞರ ವರದಿಗಳನ್ನು ಅವಳು ಓದಿದ್ದಳು; ಪುಟಗಟ್ಟಲೆ ಇರುತ್ತಿದ್ದವು. ಇಲ್ಲಿ ಒಬ್ಬ ತೋಟದ ಮೇಸ್ತ್ರಿ ಉಗುರಿನಷ್ಟಗಲದ ಚಕ್ಕೆಯಲ್ಲಿ ತಾರೀಖು ಓದಿ ಹೇಳಿದ್ದ.

"ಯಾರೋ ಪೈಪು ಹಾಕೋರು ಕೊಯ್ದಿರಬಹುದಲ್ವಾ ಅಜ್ಜ? ನೀರಿಂದೋ, ಕೇಬಲ್ಲೋ?"

ಅವನು ಗುಂಡಿಯ ನಡುವೆ, ಬುಡದ ನೇರ ಕೆಳಗೆ ಹೊಟ್ಟೆ ಅಡಿಯಾಗಿ ಮಲಗಿ ಕೈ ತೂರಿಸಿದ. ಅಲ್ಲಿಂದಲೇ ಮಾತಾಡಿದ, ದನಿ ಬೇರೆಯಾಗಿತ್ತು.

"ಪೈಪಿನೋರಿಗೆ ಪಕ್ಕದ ಬೇರು ಅಡ್ಡ ಬರತ್ತೆ, ಕತ್ತರಿಸ್ತಾರೆ. ತಾಯಿಬೇರು ಯಾರ ದಾರೀಲೂ ಇರಲ್ಲ ಅಮ್ಮಾ, ಅದು ನೆಟ್ಟಗೆ ಕೆಳಕ್ಕೆ ಇಳಿದಿರತ್ತೆ. ಅದನ್ನ ಕೊಯ್ಯಬೇಕು ಅಂದ್ರೆ ಮರದ ಅಡಿಗೆ ಬಿಲ ತೋಡಿ ಹೋಗಬೇಕು." ಕೈಯನ್ನು ಇನ್ನೂ ಒಳಕ್ಕೆ ಚಾಚಿದ. "ಹೋಗಿದ್ದಾರೆ. ತಾಯಿಬೇರನ್ನೂ ಬಿಟ್ಟಿಲ್ಲ."

ರಸ್ತೆಯ ಮೇಲೆ ಬಸ್ಸೊಂದು ಹಾರನ್ ಹಾಕಿಕೊಂಡು ಹೋಯಿತು.

ಅಂದರೆ ಇದು ಅಜಾಗ್ರತೆಯಲ್ಲ, ಆಕಸ್ಮಿಕವೂ ಅಲ್ಲ. ಯಾರೋ ಮರವನ್ನು ಕೊಲ್ಲಲು ಹೊರಟು, ಅದು ನಿಂತೇ ಇರುವಂತೆ ಬಿಟ್ಟುಹೋಗಿದ್ದರು.

"ಎರಡು ವರ್ಷ ಹೇಗೆ ನಿಂತಿತ್ತು ಮತ್ತೆ?"

"ಅದನ್ನೇ ನೋಡ್ತಿದ್ದೀನಿ." ಅಂಗಡಿ ಕಡೆಯ ಬೇರುಗಳನ್ನು ಸವರಿದ. ಅಲ್ಲಿ ದಾರದಂಥ ಹೊಸ ಬೇರುಗಳು ಗೊಂಚಲು ಗೊಂಚಲಾಗಿ ಹೊರಟಿದ್ದವು. "ಒಂದು ಕೈ ಹೋದ ಮೇಲೆ ಇನ್ನೊಂದು ಕೈಲೇ ಸಂಸಾರ ತೂಗಿಸಿದೆ. ಗಾಳಿ ರಸ್ತೆ ಕಡೆಯಿಂದ ಬೀಸಿದಾಗ ಹಿಡಿದುಕೊಳ್ಳೋಕೆ ಆ ಕಡೆ ಹಗ್ಗವೇ ಇರಲಿಲ್ಲ. ಅಲ್ಲೀವರೆಗೂ ನಿಂತಿತ್ತಲ್ಲ, ಅದು ದೊಡ್ಡದು."

ಒದ್ದೆ ಗೋಣಿಚೀಲ ತಂದು ತಾಯಿಬೇರಿನ ಮೇಲೆ ಹೊದಿಸಿದ. ಬಿಸಿಲಿಗೆ ಸಾಕ್ಷಿ ಒಣಗಬಾರದು ಎಂದ.

ಇನ್ಸ್‌ಪೆಕ್ಟರ್ ಅವನಿಗೆ ಕೈಕೊಟ್ಟು ಮೇಲಕ್ಕೆಳೆದಳು. ಆರೋಪಿಗೆ ಕೈಕೊಡುವ ಪದ್ಧತಿ ಅವಳಲ್ಲಿರಲಿಲ್ಲ.

"ಸಸಿಯ ಆಯ್ಕೆಯೇ ತಪ್ಪು ಅಂತ ಬರೆದಿದ್ದಾರಲ್ಲ ಅಜ್ಜ, ಅದಕ್ಕೇನಂತೀರಿ?"

ಅಲ್ಲಿಯವರೆಗೆ ತಣ್ಣಗಿದ್ದವನಿಗೆ ಈಗ ರೇಗಿತು. "ಬನ್ನಿ, ತೋರಿಸ್ತೀನಿ."

ಸಾಲು ಮರಗಳ ಕೆಳಗೆ ಅವಳನ್ನು ನಡೆಸಿಕೊಂಡು ಹೋದ. ಈ ರಸ್ತೆಯಲ್ಲಿ ಜೀಪಿನಲ್ಲಿ ಸಾವಿರ ಸಲ ಓಡಾಡಿದ್ದಳು ಅವಳು. ಹೊರಗೆ ಸುಡುವ ಬಿಸಿಲು; ಇಲ್ಲಿ ಹೆಂಗಸರು ಚೀಲ ಕೆಳಗಿಟ್ಟು ಹರಟುತ್ತಿದ್ದರು, ಚಪ್ಪಲಿ ಹೊಲಿಯುವವನು ತೂಕಡಿಸುತ್ತಿದ್ದ. ಇಷ್ಟು ತಂಪು ಯಾರೋ ಯೋಚಿಸಿ ಮಾಡಿದ್ದು ಎಂಬುದು ಅವಳಿಗೆ ಹೊಳೆದದ್ದೇ ಇವತ್ತು.

"ಮೊದಲು ಜಾಗ ನೋಡಬೇಕು, ಆಮೇಲೆ ಮರ. ಎಲ್ಲರೂ ಉಲ್ಟಾ ಮಾಡ್ತಾರೆ. ಹೂ ಚೆನ್ನಾಗಿದೆ ಅಂತ ತಂದು ಕರೆಂಟ್ ತಂತಿ ಕೆಳಗೆ ನೆಡ್ತಾರೆ, ಆಮೇಲೆ ವರ್ಷಾ ವರ್ಷಾ ತಲೆ ಬೋಳಿಸ್ತಾರೆ. ನಾನು ಇಲ್ಲಿ ಒಂದು ವರ್ಷ ಸುಮ್ನೆ ಓಡಾಡಿದೆ. ಬಿಸಿಲು ಯಾವ ಕಡೆ, ತಂತಿ ಯಾವ ಕಡೆ, ಚರಂಡಿ ಎಷ್ಟು ಆಳ, ಬಸ್ಸು ಎಲ್ಲಿ ತಿರುಗತ್ತೆ, ಎಲ್ಲಾ. ಹೊಂಗೆ ಯಾಕೆ ಅಂದ್ರೆ ಕೊಂಬೆ ತಟ್ಟನೆ ಮುರಿಯಲ್ಲ, ನೀರು ಕಮ್ಮಿ ಆದ್ರೂ ಮುಖ ಸಣ್ಣ ಮಾಡಲ್ಲ."

"ಸಸಿಗಳು?"

"ಎಂಟುನೂರು ನೋಡಿ ಅರವತ್ತನಾಲ್ಕು ಆರಿಸಿದ್ದು. ಪ್ರತಿಯೊಂದರದ್ದೂ ಚೀಲ ಬಿಚ್ಚಿಸಿ ಬುಡ ನೋಡಿದೀನಿ. ಚೀಲದೊಳಗೆ ಬೇರು ಸುತ್ತಿಕೊಂಡಿದ್ರೆ ಮೇಲೆ ಎಷ್ಟು ಚೆಂದ ಇದ್ದರೂ ಬೇಡ. ಹತ್ತಿಪ್ಪತ್ತು ವರ್ಷ ಬಿಟ್ಟು ಅದೇ ಬೇರು ಮರದ ಕುತ್ತಿಗೆ ಹಿಸುಕತ್ತೆ. ನರ್ಸರಿಯವನು ನನ್ನ ಮೇಲೆ ಮುನಿಸ್ಕೊಂಡು ಆರು ತಿಂಗಳು ಮಾತು ಬಿಟ್ಟಿದ್ದ."

ಒಂದು ಮರದ ಬುಡ ತೋರಿಸಿದ. ಕಾಂಡ ಅಗಲವಾಗಿ ಬೇರಿಗೆ ತಿರುಗುವ ಜಾಗ ಮಣ್ಣಿನ ಮೇಲೆ ಸ್ಪಷ್ಟವಾಗಿ ಕಾಣುತ್ತಿತ್ತು. ಅದನ್ನು ಹೂಳಿದರೆ ಮರಕ್ಕೆ ಉಸಿರು ಕಟ್ಟುತ್ತದಂತೆ. ರಸ್ತೆಯ ಅಂಚಿನಡಿ ಜಲ್ಲಿಗೆ ಮಣ್ಣು ಬೆರೆಸಿ ತುಂಬಿಸಿದ್ದನಂತೆ. ವಾಹನದ ಭಾರವನ್ನು ಜಲ್ಲಿ ಹೊರುತ್ತದೆ, ಸಂದಿನಲ್ಲಿ ಬೇರು ಹರಿಯುತ್ತದೆ. ಆಗಿನ ಎಂಜಿನಿಯರನ್ನು ಒಪ್ಪಿಸಲು ನಲವತ್ತು ದಿನ ಅವನ ಕಚೇರಿಯ ಬೆಂಚಿನ ಮೇಲೆ ಕೂತಿದ್ದನಂತೆ.

"ಊರುಗೋಲು ಕಟ್ಟಿದ್ರಾ?" ಎಲ್ಲೋ ನೋಡಿದ್ದು ನೆನಪಾಗಿ ಕೇಳಿದಳು.

ಅಜ್ಜನ ಮುಖ ಅರಳಿತು. "ಕಟ್ಟಿದ್ದೆ, ಸಡಿಲವಾಗಿ. ಗಾಳಿಗೆ ಅಲ್ಲಾಡಿದ್ರೇ ಬುಡ ಗಟ್ಟಿಯಾಗೋದು. ವರ್ಷ ತುಂಬಿದ ದಿನ ಎಲ್ಲಾ ಬಿಚ್ಚಿಬಿಟ್ಟೆ. ಮನೆಯವಳು ಅಂದ್ಲು, ನಮ್ಮ ಮಗ ನಡೆಯೋಕೆ ಕಲಿತಾಗ ಇಷ್ಟು ಬೀಗಲಿಲ್ಲ ನೀವು ಅಂತ."

ವರದಿ ಬರೆದ ಸಾಹೇಬರು ಬುಡದ ಹತ್ತಿರವಾದರೂ ಬಂದಿದ್ದರೇ ಎಂದು ಇನ್ಸ್‌ಪೆಕ್ಟರಿಗೆ ಅನುಮಾನ ಶುರುವಾಗಿತ್ತು. ಆದರೆ ಅನುಮಾನವನ್ನು ಲಗತ್ತಿಸಿ ಐದು ಗಂಟೆಗೆ ಕಳಿಸಲಾಗುವುದಿಲ್ಲ. ಎರಡು ವರ್ಷದ ಹಿಂದೆ ಇಲ್ಲಿ ಬಿಲ ತೋಡಿದವರನ್ನು ಕಂಡ ಕಣ್ಣು ಬೇಕು.

ಆ ಕಣ್ಣು ಗುಂಡಿಯ ಎದುರಿಗೇ ಇತ್ತು. ಅಷ್ಟೇ ಅಲ್ಲ, ಅವಳ ಶಂಕಿತರ ಪಟ್ಟಿಯಲ್ಲಿ ಎರಡನೇ ಹೆಸರೂ ಅದೇ: ಈ ಮರ ಕಡಿಸಿ ಎಂದು ನಗರಸಭೆಗೆ ಏಳು ಅರ್ಜಿ ಹಾಕಿದ್ದ ಕನ್ನಡಕದಂಗಡಿಯ ಸಾಹುಕಾರ.

ಅಂಗಡಿಯ ಮುಂಭಾಗ ಜಖಂ ಆಗಿತ್ತು. ಬೋರ್ಡು ಎರಡಾಗಿ ಒಳಗೆ ಒರಗಿತ್ತು. ಗೋಡೆಯ ತುಂಬಾ ಕನ್ನಡಿ. ಅವಳು ಒಳಗೆ ಕಾಲಿಟ್ಟಾಗ ಎಂಟು ಕಡೆಯಿಂದ ಎಂಟು ಇನ್ಸ್‌ಪೆಕ್ಟರುಗಳು ಬಂದರು.

"ಏಳು ಅರ್ಜಿ," ಅಂದಳು ಅವಳು ಕೂರದೆ. "ಬೋರ್ಡು ಕಾಣಲ್ಲ, ವ್ಯಾಪಾರ ಇಲ್ಲ, ಮರ ತೆಗೀರಿ, ಇಲ್ಲಾಂದ್ರೆ ನಾನೇ ತೆಗೀತೀನಿ. ಕೊನೇ ಸಾಲು ನೀವೇ ಬರೆದದ್ದು ತಾನೇ?"

ಸಾಹುಕಾರ ದಪ್ಪ ಗಾಜಿನ ಹಿಂದೆ ಕಣ್ಣರಳಿಸಿದ. "ಬರೆದದ್ದು ನಾನೇ."

"ತೆಗೆದದ್ದು?"

"ಏನ್ ಮೇಡಂ ನೀವು! ಮರ ಬಿದ್ದಿರೋದು ಯಾರ ಅಂಗಡಿ ಮೇಲೆ? ನನ್ನ ಬೋರ್ಡಿನ ಮೇಲೆ ನಾನೇ ಮರ ಬೀಳಿಸ್ಕೊಳ್ಳೋಕೆ ನನಗೇನು ತಲೆ ಕೆಟ್ಟಿದ್ಯಾ?"

"ಎರಡು ವರ್ಷದ ಹಿಂದೆ ಯಾರೋ ಬೇರು ಕೊಯ್ದಿದ್ದಾರೆ. ಎಲ್ಲಿ ಬೀಳತ್ತೆ ಅಂತ ಅವರಿಗೂ ಗೊತ್ತಿರಲ್ಲ."

ಅವನು ಸ್ಟೂಲಿನ ಮೇಲೆ ಧೊಪ್ಪನೆ ಕೂತ. "ಕೊಯ್ದಿದ್ದಾರಾ?" ಅಂದ. ನಟನೆಯಾದರೆ ಬಹಳ ಒಳ್ಳೆಯ ನಟನೆ.

"ಅರ್ಜಿಯ ತಾರೀಖು ನೋಡಿದ್ರಾ?" ಕನ್ನಡಕ ಸರಿಪಡಿಸಿಕೊಂಡು ಕೇಳಿದ. "ಏಳನೇದು ಹಾಕಿ ಹನ್ನೊಂದು ವರ್ಷ ಆಯ್ತು. ಆಮೇಲೆ ಯಾಕೆ ಹಾಕಲಿಲ್ಲ ಕೇಳಿ."

"ಹೇಳಿ."

"ಅರ್ಜಿ ಹಿಡಿದುಕೊಂಡು ಆ ಮುದುಕ ಬಂದ. ಜಗಳಕ್ಕೆ ಬಂದಿದ್ದಾನೆ ಅಂತ ನಾನೂ ತೋಳು ಮಡಚಿದೆ. ಅವನು ನನ್ನ ಅಂಗಡಿ ಮುಂದೆ ಕೂತು ಅರ್ಧ ದಿನ ಮರವನ್ನೇ ನೋಡಿದ. ಕೆಳಗಿನ ಮೂರು ಕೊಂಬೆ ತೆಗೆದ್ರೆ ಸಾಕು ನಿಮ್ಮ ಬೋರ್ಡು ಕಾಣತ್ತೆ, ಆದ್ರೆ ವರ್ಷಕ್ಕೊಂದೇ ತೆಗೀತೀನಿ, ಒಟ್ಟಿಗೆ ತೆಗೆದ್ರೆ ಮರಕ್ಕೆ ಏಟು ಬೀಳತ್ತೆ ಅಂದ. ಹೇಳಿದ ಹಾಗೇ ಮೂರು ವರ್ಷ ಏಣಿ ಹೊತ್ತುಕೊಂಡು ಬಂದ. ಮೂರನೇ ವರ್ಷ ಬಸ್ ಸ್ಟಾಪಿನಿಂದ ನನ್ನ ಬೋರ್ಡು ಓದಬಹುದಿತ್ತು, ಕನ್ನಡಕ ಇಲ್ಲದೇನೇ!"

ತನ್ನ ಮಾತಿಗೆ ತಾನೇ ನಕ್ಕ, ನಗುತ್ತಲೇ ಕಣ್ಣೊರೆಸಿಕೊಂಡ. "ಬೇಸಿಗೇಲಿ ನಾನೇ ನೀರು ಹಾಕ್ತಿದ್ದೆ ಮೇಡಂ. ಸಂಗೀತದ ಟೀಚರ್ ದಿನಾ ಇಲ್ಲೇ ಸೈಕಲ್ ನಿಲ್ಲಿಸಿ ಬೆವರು ಒರೆಸಿಕೊಳ್ತಿದ್ರು. ನನ್ನ ಮರದ ಕೆಳಗೆ."

ನನ್ನ ಮರ. ಏಳು ಅರ್ಜಿ ಹಾಕಿದವನ ಬಾಯಲ್ಲಿ ಆ ಮಾತು ಬಂದಾಗ ಇನ್ಸ್‌ಪೆಕ್ಟರ್ ಮೆಲ್ಲನೆ ಎದುರಿನ ಕುರ್ಚಿಯಲ್ಲಿ ಕೂತಳು.

"ಎರಡು ವರ್ಷದ ಹಿಂದೆ ಇಲ್ಲಿ ಯಾರಾದ್ರೂ ಅಗೆದಿದ್ರಾ? ನೆನಪು ಮಾಡಿಕೊಳ್ಳಿ."

"ನೆನಪು ಯಾಕೆ, ಕಾಗದವೇ ಇದೆ." ಎದ್ದು ಕಪಾಟು ತೆರೆದ. ಕಾಗದ ಅಂದರೆ ಅವನಿಗೆ ಪ್ರಾಣವಿರಬೇಕು, ವರ್ಷವಾರು ಕಟ್ಟುಗಳು. "ಮೂರು ದಿನ ಮರದ ಸುತ್ತ ನೀಲಿ ತಾರ್ಪಾಲು ಕಟ್ಟಿದ್ರು. ನಗರಸಭೆ ಜಾಕೆಟ್ ಹಾಕಿದ್ದ ನಾಲ್ಕು ಜನ. ಮರಕ್ಕೆ ಆಪರೇಷನ್ ಅಂದ್ರು. ನಾನು ಬಿಡ್ತೀನಾ? ಕಾಗದ ತೋರಿಸಿ ಅಂದೆ. ತೋರಿಸಿದ್ರು. ಒಂದು ಪ್ರತಿ ಇಸ್ಕೊಂಡೆ."

ಕಾಗದ ಅವಳ ಕೈಗೆ ಬಂತು. ನಗರಸಭೆಯ ಮುದ್ರೆ. ಕೈಬರಹದಲ್ಲಿ ನಾಲ್ಕೇ ಸಾಲು: ನಲವತ್ತೊಂದನೇ ಮರಕ್ಕೆ ಬೇರಿನ ಚಿಕಿತ್ಸೆ, ಮೂರು ದಿನ ಪರದೆ ಕಟ್ಟಲು ಅನುಮತಿ. ದುಂಡಗಿನ ಚೆಂದದ ಅಕ್ಷರ. ಪ್ರತಿ 'ಲ'ದ ಕೊನೆ ಬಳ್ಳಿಯ ಕುಡಿಯಂತೆ ಮೇಲಕ್ಕೆ ಸುತ್ತಿತ್ತು. ಕೆಳಗೆ ರುಜು.

ಬೇರಜ್ಜನ ರುಜು.

"ಅವನ ಸಹಿ ಇತ್ತಲ್ಲ, ಅದಕ್ಕೇ ಸುಮ್ನಾದೆ," ಅಂದ ಸಾಹುಕಾರ. "ಅಜ್ಜ ಮಾಡಿಸ್ತಿದ್ದಾನೆ ಅಂದ ಮೇಲೆ ಮರಕ್ಕೆ ಒಳ್ಳೇದೇ ತಾನೇ?"

ಇನ್ಸ್‌ಪೆಕ್ಟರ್ ಅಂಗಡಿಯಿಂದ ಹೊರಬಂದಾಗ ಮೂರು ಗಂಟೆ ದಾಟಿತ್ತು. ಬೇರಜ್ಜ ಗುಂಡಿಯ ದಂಡೆಯಲ್ಲಿ ಕೂತು ಹೆಡ್ಡಿಗೆ ಎಲೆಯ ಹಿಂಬದಿ ತೋರಿಸುತ್ತಾ ಏನೋ ವಿವರಿಸುತ್ತಿದ್ದ. ಹೆಡ್ಡು ಶಾಲೆಯ ಹುಡುಗನಂತೆ ಕೇಳುತ್ತಿದ್ದ.

ಕಾಗದವನ್ನು ಅವಳು ಅವನ ಮುಂದೆ ಹಿಡಿದಳು. ಇದು ನನ್ನದಲ್ಲ ಎನ್ನುತ್ತಾನೆ, ರೇಗುತ್ತಾನೆ, ರಿಜಿಸ್ಟರ್ ತರಿಸಿ ಎನ್ನುತ್ತಾನೆ. ಅವಳು ಅದಕ್ಕೇ ಕಾದಿದ್ದಳು, ಅದನ್ನೇ ಬಯಸಿದ್ದಳು.

ಬೇರಜ್ಜ ಓದಿದ. ತುಟಿ ಅಲುಗಿತು. ಕನ್ನಡಕ ತೆಗೆದು ಅಂಗಿಯ ಚುಂಗಿಗೆ ಒರೆಸಿ, ಹಾಕಿಕೊಂಡು, ಮತ್ತೊಮ್ಮೆ ಓದಿದ.

"ಸಹಿ ನಂದೇ," ಅಂದ.

"ಅಜ್ಜ!"

"ನಾನೇ ಮಾಡಿಸಿದ್ದು. ಬರ್ಕೊಳ್ಳಿ. ಬೇರು ಕೊಯ್ಯಿಸಿದ್ದು ನಾನೇ."

ಹೆಡ್ಡಿನ ಕೈಯಿಂದ ಎಲೆ ಬಿತ್ತು.

ಅವಳು ಅವನ ಎದುರು ಕುಕ್ಕರುಗಾಲಲ್ಲಿ ಕೂತಳು. ಹದಿನಾರು ವರ್ಷದಲ್ಲಿ ತಪ್ಪೊಪ್ಪಿಗೆಗಳನ್ನು ಕೇಳಿ ಕೇಳಿ ಅವಳಿಗೆ ಒಂದು ವಿದ್ಯೆ ಬಂದಿತ್ತು: ಬಾಯಿಗಿಂತ ಕಣ್ಣನ್ನು ನೋಡುವುದು. ಈ ಮನುಷ್ಯನ ಕಣ್ಣು ಸಹಿಯ ಮೇಲೆ ಒಂದು ಕ್ಷಣವೂ ನಿಂತಿರಲಿಲ್ಲ. ಅದರ ಮೇಲಿನ ನಾಲ್ಕು ಸಾಲಿನಲ್ಲಿ, ಆ ದುಂಡಗಿನ ಅಕ್ಷರಗಳಲ್ಲಿ ಸಿಕ್ಕಿಕೊಂಡಿತ್ತು.

"ತಾಯಿಬೇರಿನ ಮೇಲೆ ಕೈಯಿಟ್ಟಾಗ ನಿಮ್ಮ ದನಿ ನಡುಗಿದ್ದು ನಾನು ಕೇಳಿದ್ದೀನಿ. ಈ ಅಕ್ಷರ ಯಾರದು ಅಜ್ಜ?"

"ಸಹಿ ಹಾಕಿದವನದೇ ಜವಾಬ್ದಾರಿ. ನಿಮ್ಮ ಇಲಾಖೇಲಿ ಹಾಗಲ್ವಾ?"

"ಮುಂದೆ ಏನಾಗತ್ತೆ ಗೊತ್ತಲ್ಲ? ನೀವು ಒಪ್ಪಿಕೊಂಡ್ರೆ ನೀವು ನೆಟ್ಟ ಯಾವ ಮರವನ್ನೂ ಯಾರೂ ನಂಬಲ್ಲ, ಆ ವರದಿಯೇ ನಿಲ್ಲತ್ತೆ. ನಾಳೆ ಅರವತ್ತಮೂರೂ ಹೋಗತ್ತೆ."

ಆಗ ಅವನ ಮುಖದಲ್ಲಿ ಆದದ್ದನ್ನು ಅವಳಿಗೆ ನೋಡಲಾಗಲಿಲ್ಲ. ಅವನು ಒಂದೊಂದೇ ಮರವನ್ನು ಕಣ್ಣಲ್ಲೇ ಎಣಿಸುತ್ತಿದ್ದ. ಬೀದಿಯ ಕೊನೆಯವರೆಗೆ ಎಣಿಸಿ, ತಲೆ ತಗ್ಗಿಸಿ, ಮಣ್ಣು ಮೆತ್ತಿದ ಎರಡೂ ಕೈಗಳನ್ನು ಮುಂದೆ ಚಾಚಿದ.

ಮೂವತ್ತನಾಲ್ಕು ವರ್ಷದ ಕೆಲಸವನ್ನು ಒಬ್ಬರಿಗಾಗಿ ಬಿಟ್ಟುಕೊಡುವವನು ಸುಳ್ಳುಗಾರನೇ ಇರಬಹುದು. ಆದರೂ ಆ ಕೈಗಳಿಗೆ ಕೋಳ ಹಾಕಲು ಅವಳಿಗೆ ಮನಸ್ಸಾಗಲಿಲ್ಲ.

"ಮಾವ."

ಮೂವತ್ತರ ಆಸುಪಾಸಿನ ಹೆಂಗಸು. ನಗರಸಭೆ ನರ್ಸರಿಯ ಹಸಿರು ಮೇಲಂಗಿ, ಉಗುರಿನ ಸುತ್ತ ಮಣ್ಣು, ಕೈಯಲ್ಲಿ ಊಟದ ಡಬ್ಬಿ.

"ನನ್ನ ಸೊಸೆ," ಅಂದ ಬೇರಜ್ಜ ಅವಸರದಲ್ಲಿ. ಕಾಗದವನ್ನು ಇನ್ಸ್‌ಪೆಕ್ಟರ್ ಕೈಗೆ ತುರುಕಿದ. "ಒಳಗಿಡಿ ಅಮ್ಮಾ. ದಯವಿಟ್ಟು." ಆಮೇಲೆ ಜೋರಾಗಿ, "ನೀನ್ಯಾಕೆ ಬಂದೆ ಮಗಳೇ? ಮನೆಗೆ ಹೋಗು."

ಸೊಸೆ ಹೋಗಲಿಲ್ಲ. ಬಿದ್ದ ಕಾಂಡದ ಮೇಲೆ ಅಂಗೈ ಊರಿ ಒಂದು ಗಳಿಗೆ ನಿಂತಳು. ಆಮೇಲೆ ಡಬ್ಬಿಯನ್ನೂ ನಾಲ್ಕಾಗಿ ಮಡಚಿದ ಚೀಟಿಯನ್ನೂ ಇನ್ಸ್‌ಪೆಕ್ಟರಿಗೆ ಕೊಟ್ಟಳು.

"ಮಾವನಿಗೆ ಬಿ.ಪಿ. ಮಾತ್ರೆ ಇದೆ ಮೇಡಂ. ಯಾವುದು ಯಾವಾಗ ಅಂತ ಬರೆದಿದ್ದೀನಿ. ತಪ್ಪಿಸಬೇಡಿ." ತಿರುಗಿ ನೋಡದೆ, ಬಂದ ದಾರಿಯಲ್ಲೇ ಹೊರಟಳು.

ಇನ್ಸ್‌ಪೆಕ್ಟರ್ ಚೀಟಿ ಬಿಡಿಸಿದಳು. *ಊಟಕ್ಕೆ ಮೊದಲು ಒಂದು. ಮಲಗುವಾಗ ಒಂದು.* ದುಂಡಗಿನ ಚೆಂದದ ಅಕ್ಷರ. 'ಲ'ದ ಕೊನೆ ಮೇಲಕ್ಕೆ ಸುತ್ತಿತ್ತು.

ತಲೆಯೆತ್ತಿದಳು. ಬೇರಜ್ಜ ಅವಳನ್ನೇ ನೋಡುತ್ತಿದ್ದ, ಕಣ್ಣಲ್ಲಿ ಮೊರೆ.

ಕೂಗಿ ಕರೆಯಬೇಕೆಂದು ಬಾಯಿ ತೆರೆದವಳು, ಚೀಟಿಯ ಹಿಂಬದಿಯಲ್ಲೂ ಶಾಯಿ ಕಂಡು ತಡೆದಳು. ತಿರುಗಿಸಿದಳು.

*ಮಾವನ ಮುಂದೆ ನನ್ನನ್ನು ಏನೂ ಕೇಳಬೇಡಿ. ಬೇರು ಕೊಯ್ದದ್ದು ಇದೊಂದೇ ಮರಕ್ಕಲ್ಲ. ಇನ್ನೂ ಆರು ಹೀಗೇ ನಿಂತಿವೆ. ಯಾವ ಆರು ಅಂತ ಗೊತ್ತಿರೋದು ಸಂಗೀತದ ಟೀಚರಿಗೆ ಮಾತ್ರ.*

ಆ ಟೀಚರಿಗೆ ಇನ್ನೂ ಪ್ರಜ್ಞೆ ಬಂದಿರಲಿಲ್ಲ. ರಸ್ತೆ ಕಡೆಯಿಂದ ಗಾಳಿ ಬೀಸಿತು. ಅರವತ್ತಮೂರು ಮರಗಳೂ ಒಟ್ಟಿಗೆ ತಲೆದೂಗಿದವು, ಅವುಗಳ ಕೆಳಗೆ ಜನ ಎಂದಿನಂತೆ ನಡೆದಾಡುತ್ತಿದ್ದರು.